ಮಾನಸೋಲ್ಲಾಸದ ಅಡುಗೆಮನೆಯಲ್ಲಿ ಬೇಟೆ ಮತ್ತು ಮೀನು

ನಮ್ಮ ನಾಡಿನ ಹಳೆಯ ಅಡುಗೆಯ ಪ್ರಸ್ತಾಪ ಬಂದಾಗಲೆಲ್ಲ ವಿದ್ವಾಂಸರು ಮಾನಸೋಲ್ಲಾಸವನ್ನು ನೆನೆಯುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಅದರ ‘ಅನ್ನಭೋಗ’ ಎಂಬ ಅಧ್ಯಾಯದಿಂದ ಇಡ್ಡರಿಕಾ, ಧೋಸಕ ಎಂಬ ಎರಡು ಹೆಸರುಗಳನ್ನು ಎತ್ತಿಕೊಂಡು, ನಮ್ಮ ಇಡ್ಲಿ ದೋಸೆಗಳ ಪ್ರಾಚೀನತೆಯನ್ನು ಸಾರಿ, ಗ್ರಂಥವನ್ನು ಮುಚ್ಚಿಡುವುದು ವಾಡಿಕೆ. ಅದೇ ಅಧ್ಯಾಯದಲ್ಲಿ ಹಂದಿಯ ಕೂದಲನ್ನು ತೆಗೆಯುವ ಬಗೆಯಿದೆ, ಮೀನನ್ನು ಉಪ್ಪಿನಲ್ಲಿ ಕಾಪಿಡುವ ಬಗೆಯಿದೆ. ಆ ಪುಟಗಳನ್ನು ನಾವು ಬೇಗ ಮಗುಚಿಬಿಡುತ್ತೇವೆ. ಈ ಹೊತ್ತು ಆ ಪುಟಗಳ ಬಳಿಯಲ್ಲೇ ತುಸು ನಿಲ್ಲೋಣ.

ಹಂದಿಯನ್ನು ಶುಚಿಗೊಳಿಸಲು ಅರಸನು ಎರಡು ಕ್ರಮಗಳನ್ನು ಹೇಳುತ್ತಾನೆ. ಒಂದು, ಮೈಮೇಲೆ ಬಿಳಿಯ ಬಟ್ಟೆ ಹೊದಿಸಿ, ಅದರ ಮೇಲೆ ಬಿಸಿನೀರು ಸುರಿಯುತ್ತಾ ಕೂದಲು ಸಡಿಲವಾಗುವಂತೆ ಮಾಡುವುದು. ಇನ್ನೊಂದು, ಮೈಗೆಲ್ಲ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವುದು. ಇವುಗಳ ಹಿಂದಿನ ವಿವೇಕವನ್ನು ಗಮನಿಸಬೇಕು. ಹಂದಿಯ ಸವಿಯೆಲ್ಲ ಚರ್ಮಕ್ಕೆ ಅಂಟಿಕೊಂಡ ಕೊಬ್ಬಿನಲ್ಲಿದೆ. ಚರ್ಮ ಸುಲಿದರೆ ಅದೂ ಹೋಗುತ್ತದೆ. ಆದ್ದರಿಂದ ಚರ್ಮ ಉಳಿಯಬೇಕು, ಕೂದಲು ಮಾತ್ರ ಹೋಗಬೇಕು. ನೀರು ತೀರ ಕುದಿಯುತ್ತಿದ್ದರೆ ಚರ್ಮ ಬೆಂದು ಕೂದಲನ್ನು ಮತ್ತಷ್ಟು ಬಿಗಿಹಿಡಿಯುತ್ತದೆ. ನೀರು ಆರಿದರೆ ಕೂದಲಿನ ಬುಡ ಸಡಿಲುವುದಿಲ್ಲ. ಬಟ್ಟೆಯು ಬಿಸಿಯನ್ನು ಹಿಡಿದು ಮೈಯ ಮೇಲೆಲ್ಲ ಸಮನಾಗಿ ಹರಡುತ್ತದೆ. ಮಣ್ಣಿನ ಲೇಪವು ಹುಲ್ಲಿನ ಉರಿ ಚರ್ಮಕ್ಕೆ ನೇರವಾಗಿ ತಾಗದಂತೆ ತಡೆಯುತ್ತದೆ. ಇಷ್ಟಾದ ಮೇಲೆಯೇ ಹೋಳು, ಒಲೆ, ಮಸಾಲೆಗಳ ಮಾತು.

ಹೊಲದ ಇಲಿಯೂ ಈ ಅರಮನೆಯ ಪಾಕಗಳಲ್ಲಿ ಸೇರಿದೆ ಎಂದರೆ ಪಟ್ಟಣದ ಓದುಗರು ಬೆಚ್ಚಿಬಿದ್ದಾರು. ಕಾದ ಎಣ್ಣೆಯಲ್ಲಿ ಕೂದಲು ಹೋಗುವವರೆಗೆ ಹಿಡಿದು, ಬಿಸಿನೀರಿನಲ್ಲಿ ತೊಳೆದು, ಒಳಗಿನದನ್ನು ತೆಗೆದು, ನೆಲ್ಲಿಕಾಯಿ ಉಪ್ಪುಗಳೊಡನೆ ಬೇಯಿಸಬೇಕು ಎಂದು ಗ್ರಂಥ ವಿಧಿಸುತ್ತದೆ. ಬಡ ಒಕ್ಕಲಿನ ಗುಡಿಸಲಿನ ಊಟವೂ ಚಕ್ರವರ್ತಿಯ ಊಟವೂ ಇಲ್ಲಿ ಒಂದೇ ಎಲೆಯ ಮೇಲೆ ಬಂದಿವೆ.

ಮೀನಿಗಂತೂ ಎರಡು ಕಡೆ ಎಡೆ ದೊರೆತಿದೆ. ‘ಮತ್ಸ್ಯವಿನೋದ’ವೆಂಬ ಅಧ್ಯಾಯವು ಮೂವತ್ತಕ್ಕೂ ಮೀರಿದ ಮೀನುಗಳನ್ನು ಹೆಸರಿಸಿ, ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಇರೆ ಎಂಬುದನ್ನೂ ತಿಳಿಸುತ್ತದೆ. ಅನ್ನಭೋಗದಲ್ಲಿ ಪಾಕಕ್ರಮವಿದೆ. ಮೀನನ್ನು ತುಂಡರಿಸಿ ಚೆನ್ನಾಗಿ ತೊಳೆದು ಹುಣಿಸೆಯ ರಸದೊಡನೆ ಬೇಯಿಸುವುದು ಒಂದು ಬಗೆ. ನಾಲ್ಕು ಬೆರಳಿನಷ್ಟು ತುಂಡುಗಳನ್ನು ಉಪ್ಪು ಬೆರೆಸಿ ಗಡಿಗೆಯಲ್ಲಿ ಕಾಪಿಟ್ಟು, ಬೇಕಾದಾಗ ಸುಟ್ಟು ತಿನ್ನುವುದು ಇನ್ನೊಂದು ಬಗೆ.

ಈ ಹುಣಿಸೆ ಬರಿಯ ರುಚಿಗಾಗಿ ಬಂದದ್ದಲ್ಲ. ಕೆರೆಯ ಮೀನಿಗೆ ಒಂದು ಕೆಸರು ನಾತವುಂಟು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಹೊರಸೂಸುವ ಜಿಯೋಸ್ಮಿನ್ ಎಂಬ ದ್ರವ್ಯವು ಮೀನಿನ ಚರ್ಮದಲ್ಲೂ ಕೊಬ್ಬಿನಲ್ಲೂ ಸೇರಿ ಆ ನಾತ ಹುಟ್ಟುತ್ತದೆ. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಕಂಪಿಗೂ ಇದೇ ದ್ರವ್ಯ ಕಾರಣವೆಂಬುದು ಸ್ವಾರಸ್ಯದ ಸಂಗತಿ. ನಮ್ಮ ಕವಿಗಳು ಹಾಡಿ ಹೊಗಳಿದ ಕಂಪನ್ನೇ ನಮ್ಮ ಅಡುಗೆಯವರು ಉಪ್ಪು ಹುಳಿ ಹಾಕಿ ಉಜ್ಜಿ ಕಳೆಯುತ್ತ ಬಂದಿದ್ದಾರೆ. ಹುಳಿಯು ಆ ದ್ರವ್ಯವನ್ನು ಮಾರ್ಪಡಿಸಿ ವಾಸನೆಯಿಲ್ಲದಂತೆ ಮಾಡುತ್ತದೆಂದು ಈಗಿನ ರಸಾಯನಶಾಸ್ತ್ರ ಹೇಳುತ್ತದೆ. ಹಾಗೆಯೇ, ಮೀನು ಮಾಂಸಕ್ಕಿಂತ ಬೇಗ ಕೆಡುತ್ತದೆ. ಕೆಡುವಿಕೆ ಬಹುಮಟ್ಟಿಗೆ ಕರುಳಿನಿಂದಲೂ ಕಿವಿರಿನಿಂದಲೂ ತೊಡಗುತ್ತದೆ. ಹಿಡಿದವರು ದಡದಲ್ಲಿಯೇ ಹೊಟ್ಟೆ ಸೀಳಿ, ಪಿತ್ತದ ಚೀಲ ಒಡೆಯದಂತೆ ಕರುಳು ತೆಗೆಯುವುದು ಈ ಕಾರಣದಿಂದಲೇ. ಪಿತ್ತ ಒಡೆದರೆ ಆ ಕಹಿಯನ್ನು ಯಾವ ಮಸಾಲೆಯೂ ಮುಚ್ಚಲಾರದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ತಿಳಿವಳಿಕೆಯೆಲ್ಲ ಯಾರದು? ಗ್ರಂಥದ ಮೇಲೆ ಅರಸನ ಹೆಸರಿದೆ. ಆದರೆ ನೀರಿನ ಹದವನ್ನು ಬಲ್ಲ ಕೈ, ಪಿತ್ತದ ಚೀಲದ ನೆಲೆಯನ್ನು ಬಲ್ಲ ಬೆರಳು ಬೇಡರವು, ಬೆಸ್ತರವು, ಅಡುಗೆಯಾಳುಗಳವು. ಅವರು ಬರೆಯಲಿಲ್ಲ. ಬರೆದವರು ಈ ಕೆಲಸ ಮಾಡಲಿಲ್ಲ. ಕನ್ನಡದಲ್ಲೇ ರಚಿತವಾದ ಪಾಕಗ್ರಂಥವೆಂದರೆ ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಜೈನ ಕವಿಯ ಕೃತಿಯಾದ್ದರಿಂದ ಅದರಲ್ಲಿ ಮಾಂಸಕ್ಕೆ ಎಡೆಯಿಲ್ಲ; ಅದು ಸಹಜವೇ ಸರಿ. ಆದರೆ ಅದರಿಂದಾಗಿ ಕನ್ನಡ ನಾಡಿನ ಬಹುಜನರ ಒಲೆಯ ಮಾತು ಕನ್ನಡದ ಪಾಕಶಾಸ್ತ್ರದೊಳಗೆ ಬರದೆ ಹೊರಗೇ ಉಳಿಯಿತು. ಹರಿಹರನು ರಗಳೆಯಲ್ಲಿ ಹಾಡಿದ ಬೇಡರ ಕಣ್ಣಪ್ಪನ ಕಥೆಯನ್ನು ನೆನೆಯಿರಿ. ಬೇಟೆಯ ಮಾಂಸವನ್ನು ಹದವಾಗಿ ಸುಟ್ಟು, ರುಚಿ ನೋಡಿ, ಒಳ್ಳೆಯದನ್ನು ಮಾತ್ರ ಶಿವನಿಗೆ ಅರ್ಪಿಸಿದ ಆ ಕಥೆಯನ್ನು ತರಗತಿಗಳಲ್ಲಿ ಪಾಠ ಹೇಳುವಾಗ ನಾವು ಭಕ್ತಿಯನ್ನು ವಿವರಿಸುತ್ತೇವೆ, ಪಾಕದ ಹದವನ್ನು ವಿವರಿಸುವುದಿಲ್ಲ. ಕಣ್ಣಪ್ಪನ ಪಾಲಿಗೆ ಅವೆರಡೂ ಬೇರೆಯಾಗಿರಲಿಲ್ಲ.

ಬರಹಕ್ಕೆ ಬಾರದಿದ್ದರೂ ಈ ವಿದ್ಯೆ ಮನೆಗಳಲ್ಲಿ ಬಾಳಿತು. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲಕ್ಕೆಂದು ಮಾಂಸವನ್ನು ಸೀಳಿ, ಉಪ್ಪು ಅರಿಸಿನ ಹಚ್ಚಿ, ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸುತ್ತಿದ್ದರು. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಹೊಗೆ ಹುಳುವನ್ನು ದೂರವಿಡುತ್ತದೆ. ತೇವವಿಲ್ಲದೆಡೆ ಕೊಳೆತಕ್ಕೆ ದಾರಿಯಿಲ್ಲ. ಕೊಡವರು ಹಂದಿಯ ಮಾಂಸಕ್ಕೆ ಬಳಸುವ ಕಾಚಂಪುಳಿ ಒಂದು ಕಾಡುಹಣ್ಣಿನ ರಸವನ್ನು ಕಪ್ಪಾಗುವಂತೆ ಬತ್ತಿಸಿದ್ದು. ಅರಮನೆಯ ನೆಲ್ಲಿಕಾಯಿ ಹುಣಿಸೆಗಳ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ೧೯೩೬ರಲ್ಲಿ ಬೆಳಕು ಕಂಡ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಬೇಟೆ ಮಲೆನಾಡಿನ ಬದುಕಿನ ಅಂಗವಾಗಿ ಬಂದಾಗ, ಕನ್ನಡ ಗದ್ಯ ಆ ಲೋಕಕ್ಕೆ ಬಾಗಿಲು ತೆರೆಯಿತು.

ಈಗ ಆ ಬೇಟೆ ನಿಂತಿದೆ, ನಿಲ್ಲಬೇಕಾದ್ದೇ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ ೧೯೯೧ರಲ್ಲಿ ಬಂದ ತಿದ್ದುಪಡಿ ಇವುಗಳ ಬಳಿಕ ಕಾಡಿನ ಮೃಗವನ್ನು ಕೊಂದು ತಿನ್ನುವುದು ಅಪರಾಧ. ಕಾಡೇ ಕಿರಿದಾಗಿರುವ ಕಾಲದಲ್ಲಿ ಅದಕ್ಕೆ ಮರುಗುವುದು ಸಲ್ಲದು. ಹೊಳೆಯ ಮೀನಿಗೂ ಕಷ್ಟದ ದಿನಗಳು ಬಂದಿವೆ. ಕಾವೇರಿಯ ಡುಬ್ಬದ ಮಹಶೀರ್ ಅಳಿವಿನ ಅಂಚಿನ ಜೀವಿಯೆಂದು ೨೦೧೮ರಲ್ಲಿ ಜಾಗತಿಕ ಪಟ್ಟಿಗೆ ಸೇರಿತು. ಮೃಗವನ್ನು ಉಳಿಸಬೇಕು, ಮೀನನ್ನು ಉಳಿಸಬೇಕು. ಅವುಗಳೊಡನೆ ಮಾತನ್ನೂ ಉಳಿಸಬೇಕೆಂಬುದು ನನ್ನ ಬಿನ್ನಹ. ಹುರುಪೆ ಹೆರೆಯುವುದು, ಕಿವಿರು ಕೀಳುವುದು, ಕೂದಲು ಸೀಯಿಸುವುದು, ಹೊಗೆಗೆ ಕಟ್ಟುವುದು, ಇಂಥ ಮಾತುಗಳು ಕೆಲಸದಿಂದ ಹುಟ್ಟಿದವು. ಕೆಲಸ ನಿಂತರೆ ಒಂದು ತಲೆಮಾರಿನೊಳಗೆ ಅಳಿಯುತ್ತವೆ. ಮಾರುಕಟ್ಟೆಯಲ್ಲಿ ಹೋಳು ಮಾಡಿಸಿ ಚೀಲದಲ್ಲಿ ತರುವವರಿಗೆ ಅವು ಬೇಕಾಗುವುದಿಲ್ಲ.

ಮೀನಿನ ಮಾತು ಇನ್ನೂ ಬದುಕಿದೆ. ಕೆರೆಯ ಏರಿಯ ಮೇಲೆ, ಸಂತೆಯ ಮೂಲೆಯಲ್ಲಿ ಕತ್ತಿ ಹಿಡಿದು ಕುಳಿತ ಹೆಂಗಸರ ಬಾಯಲ್ಲಿ ಅದು ಇದೆ. ನಮ್ಮ ಕನ್ನಡ ಎಂ.ಎ. ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಅವರ ಬಳಿ ಕುಳಿತು, ಅವರು ಮಾಡುವ ಒಂದೊಂದು ಕೆಲಸಕ್ಕೂ ಅವರಾಡುವ ಮಾತನ್ನು ಆಯಾ ಊರಿನ ಹೆಸರಿನೊಡನೆ ಬರೆದುಕೊಂಡರೆ, ಅರಸನು ಸಂಸ್ಕೃತದಲ್ಲಿ ಬರೆದಿಟ್ಟ ಅಧ್ಯಾಯಕ್ಕೆ ಎಂಟೊಂಬತ್ತು ಶತಮಾನಗಳ ತರುವಾಯ ಒಂದು ಕನ್ನಡ ಅಧ್ಯಾಯ ಸೇರುತ್ತದೆ. ಅದರಲ್ಲಿ ಆ ಹೆಂಗಸರ ಹೆಸರುಗಳೂ ಇರಲಿ.

(ಬಾನುಲಿ ಭಾಷಣ)