ಗೋವಿನಜೋಳಕ್ಕೆ ಮೀಟರ್ ಹಾಕ್ತೀವಿ, ಮನೆ ನೆಲಕ್ಕೆ ಯಾಕೆ ಹಾಕಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ರಾತ್ರಿ ಊಟ ಮುಗಿಸಿ ಮಲಗಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಒಂದು ಹತ್ತು ನಿಮಿಷ ಕೊಡಿ. ಇವತ್ತು ನಮ್ಮ ಮನೆಯ ಒಂದು ಕೋಣೆಯ ಕಥೆ ಹೇಳ್ತೀನಿ. ಕೋಣೆ ಚಿಕ್ಕದು, ಹತ್ತು ಅಡಿಗೆ ಹನ್ನೆರಡು ಅಡಿ. ಆದರೆ ಅದು ಕಲಿಸಿದ ಪಾಠ ಚಿಕ್ಕದಲ್ಲ.

ನಮ್ಮದು ಹಾನಗಲ್ ತಾಲೂಕಿನ ಹಳ್ಳಿ. ಅಣ್ಣನ ಮದುವೆ ಜೂನ್ ಮೊದಲ ವಾರ ಅಂತ ಗೊತ್ತಾಯ್ತು. ಮನೆ ಹಿಂದೆ ಹೊಸದಾಗಿ ಒಂದು ಕೋಣೆ ಕಟ್ಟಿಸಿದ್ವಿ. ಅಣ್ಣನಿಗೆ ಫೋನಲ್ಲಿ ನೋಡಿದ್ದ ವುಡನ್ ಫ್ಲೋರಿಂಗ್ ಮೇಲೆ ಆಸೆ. ಅಪ್ಪ ಗೋವಿನಜೋಳ ಮಾರಿದ ದುಡ್ಡಲ್ಲಿ 18 ಸಾವಿರ ಎತ್ತಿಕೊಟ್ಟ. ಏಪ್ರಿಲ್ ಕೊನೆಗೆ ಗೌಂಡಿ ನಾಲ್ಕು ಇಂಚು ಕಾಂಕ್ರೀಟ್ ಹಾಕಿದ. ಐದು ವಾರ ಬಿಟ್ಟು ಹಲಗೆ ಜೋಡಿಸಿದ್ರು. ಮದುವೆಗೆ ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನೋಡಿದ್ದೇ ನೋಡಿದ್ದು.

ಆಮೇಲೆ ಆಷಾಢ ಬಂತು. ಅತ್ತಿಗೆ ತವರಿಗೆ ಹೋದ್ರು, ಅಣ್ಣ ಕೆಲಸದ ಊರಿಗೆ ಹೋದ. ಕೋಣೆಯ ಕದ, ಕಿಟಕಿ ಒಂದು ತಿಂಗಳು ಮುಚ್ಚಿದ್ದೇ. ಹೊರಗೆ ಬಿಡದೆ ಜಿಟಿಜಿಟಿ ಮಳೆ. ಪಂಚಮಿ ಹಬ್ಬಕ್ಕೆ ನಾನು ಹುಬ್ಬಳ್ಳಿಯಿಂದ ಬಂದು ಕದ ತೆಗೆದರೆ ಮೊದಲು ಮೂಗಿಗೆ ಬಡಿದಿದ್ದು ಮುಗ್ಗಲು ವಾಸನೆ. ಆಮೇಲೆ ಕಣ್ಣಿಗೆ ಬಿದ್ದಿದ್ದು ನೆಲ. ನಡುವಿನ ಹಲಗೆಗಳು ಕರಿದ ಹಪ್ಪಳದ ಹಾಗೆ ಎದ್ದಿದ್ವು. ಕಾಲಿಟ್ಟರೆ ಢಬ್ ಢಬ್ ಸದ್ದು.

ಎಲ್ಲರೂ ಒಂದೇ ಮಾತು: ಮಾಲು ಡುಪ್ಲಿಕೇಟ್, ಅಂಗಡಿಯವ ಮೋಸ ಮಾಡ್ಯಾನ. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಹೊಸ್ತಿಲ ಮೇಲೆ ಕೂತು, "ದುಡ್ಡು ನೀರಾತು ನೋಡವ್ವಾ" ಅಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ.

ನಾನು ಬಿ.ಕಾಂ. ಓದಿದವಳು. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹುಡುಕೋದು ಅಭ್ಯಾಸ. ಗೋಡೆಗುಂಟ ಇದ್ದ ಪಟ್ಟಿ ಬಿಚ್ಚಿಸಿದೆ. ಹಲಗೆ ಗೋಡೆಗೆ ಒತ್ತಿಕೊಂಡೇ ಇತ್ತು, ಒಂದು ಬೆರಳು ಸಂದಿ ಇಲ್ಲ. ಹಲಗೆ ಎತ್ತಿಸಿದೆ. ಕೆಳಗೆ ತೆಳು ಫೋಮ್ ಬಿಟ್ಟರೆ ಪ್ಲಾಸ್ಟಿಕ್ ಹಾಳೆ ಇಲ್ಲ. ಫೋಮ್ ಮುಟ್ಟಿದರೆ ಒದ್ದೆ. ಮೇಲಿಂದ ಒಂದು ಹನಿ ನೀರು ಬಿದ್ದಿರಲಿಲ್ಲ. ನೀರು ಬಂದಿದ್ದು ನೆಲದೊಳಗಿಂದ.

ಇಲ್ಲಿ ಸ್ವಲ್ಪ ವಿಜ್ಞಾನ. ಮರ ಕಡಿದ ಮೇಲೂ ಗಾಳಿಯ ತೇವವನ್ನ ಕುಡೀತಾನೇ ಇರುತ್ತೆ, ಬಿಡ್ತಾನೇ ಇರುತ್ತೆ. ಗಾಳಿಯ ಆರ್ದ್ರತೆ 40% ಇರೋ ಕಡೆ ಬಹಳ ದಿನ ಇಟ್ಟರೆ ಮರದ ತೇವಾಂಶ 8%ರ ಹತ್ತಿರ ನಿಲ್ಲುತ್ತೆ. 80% ಇದ್ದರೆ 16%ರ ಹತ್ತಿರ. ಮಳೆಗಾಲದಲ್ಲಿ ಮನೆ ಬಾಗಿಲು ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲ ಆಗೋದು ಇದಕ್ಕೇ. ಮರ ಉದ್ದಕ್ಕೆ ಹಿಗ್ಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಿಗ್ಗೋದೆಲ್ಲ ಅಗಲಕ್ಕೆ. 100 ಮಿ.ಮೀ. ಅಗಲದ ತೇಗದ ಹಲಗೆಯ ತೇವಾಂಶ 4% ಏರಿದರೆ ಅದು ಮುಕ್ಕಾಲು ಮಿ.ಮೀ. ತನಕ ಅಗಲ ಆಗಬಹುದು. ಅದೇನು ಮಹಾ ಅನ್ಸುತ್ತೆ. ಆದರೆ ಹತ್ತಡಿ ಕೋಣೆಗೆ ಅಂಥ 30 ಹಲಗೆ ಬೇಕು. ಎಲ್ಲ ಸೇರಿದರೆ ಎರಡು ಸೆಂಟಿಮೀಟರ್. ಗೋಡೆ ಸರಿಯಲ್ಲ, ಹಾಗಾಗಿ ನೆಲ ಮೇಲೆ ಏಳುತ್ತೆ.

ನಮ್ಮದು ತೇಗವೂ ಅಲ್ಲ, ಲ್ಯಾಮಿನೇಟ್. ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರ. ಅದರ ಅಂಚು ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಹಾಗೆ ಆಗಲ್ಲ. ಇಂಜಿನಿಯರ್ಡ್ ವುಡ್‌ನಲ್ಲಿ ಪದರಗಳನ್ನ ಅಡ್ಡ-ಉದ್ದ ಅಂಟಿಸಿರ್ತಾರೆ, ಹಿಗ್ಗೋದು ಕಡಿಮೆ. ಎಸ್‌ಪಿಸಿ ಅಂತ ಸಿಗೋದು ಮರವೇ ಅಲ್ಲ, ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್. ಅಂಗಡಿಯಲ್ಲಿ ಎಲ್ಲಕ್ಕೂ ವುಡನ್ ಅಂತಾರೆ. ಯಾವುದು ಅಂತ ಕೇಳಿ, ಬಿಲ್‌ನಲ್ಲಿ ಬರೆಸ್ಕೊಳ್ಳಿ.

ಇನ್ನು ಕಾಂಕ್ರೀಟ್. ಮೇಲೆ ಬೆಳ್ಳಗೆ ಕಂಡರೆ ಒಣಗಿದೆ ಅಂದ್ಕೊಳ್ತೀವಿ. ಒಣ ಹವೆಯಲ್ಲೂ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನೋದು ಕೆಲಸದವರ ಅಂದಾಜು ಲೆಕ್ಕ. ನಮ್ಮದು ನಾಲ್ಕು ಇಂಚು, ಅಂದರೆ ನಾಲ್ಕು ತಿಂಗಳು. ನಾವು ಕೊಟ್ಟಿದ್ದು ಐದು ವಾರ. ಅದರ ಮೇಲೆ ಮಣ್ಣಿನ ತೇವ ಬೇರೆ. ಹಾನಗಲ್ ಅಂದರೆ ಮಲೆನಾಡಿನ ಸೆರಗು, ಭತ್ತದ ಸೀಮೆ. ನಮ್ಮ ಹಿಂದಿನ ಗೋಡೆ ದಾಟಿದರೆ ಗದ್ದೆ. ಸವಣೂರು, ಶಿಗ್ಗಾವಿ ಕಡೆ ಮಳೆ ಕಡಿಮೆ, ಸರಿ. ಆದರೆ ಎರೆಮಣ್ಣು ಇರೋ ಕಡೆ ಅದು ನೀರು ಕುಡಿದರೆ ಬೇಗ ಬಿಡಲ್ಲ. ಬೇಸಿಗೆಯಲ್ಲಿ ಬಿರಿಯೋ ನೆಲ ಮಳೆಗಾಲದಲ್ಲಿ ಹಿಗ್ಗುತ್ತೆ. ಹಿರೇಕೆರೂರಿನವರೂ ನಮ್ಮೂರಲ್ಲಿ ಅಷ್ಟು ಮಳೆ ಇಲ್ಲ ಅಂತ ಸುಮ್ಮನಿರಬೇಡಿ. ತಾಲೂಕು ನೋಡಿ ನಿರ್ಧಾರ ಮಾಡೋದಲ್ಲ, ನಿಮ್ಮ ಕೋಣೆಯ ನೆಲ ನೋಡಿ ಮಾಡೋದು.

ಹೇಗೆ ನೋಡೋದು? ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಒಂದು ಹಗಲು ಒಂದು ರಾತ್ರಿ ಬಿಡಿ. ಎತ್ತಿದಾಗ ಒಳಗೆ ಹನಿ ಕಂಡರೆ, ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ, ನೆಲ ಇನ್ನೂ ಹಸಿ. ಒಂದೇ ಕಡೆ ಅಲ್ಲ, ಮೂರ್ನಾಲ್ಕು ಕಡೆ ಮಾಡಿ. ಮುಖ್ಯವಾಗಿ ಮಳೆಗಾಲದಲ್ಲಿ ಮಾಡಿ. ಮಾರ್ಚ್‌ನಲ್ಲಿ ಪಾಸಾದ ನೆಲ ಆಗಸ್ಟ್‌ನಲ್ಲಿ ಫೇಲ್ ಆಗಬಹುದು.

ನೆಲ ಪಾಸಾಯ್ತು ಅಂದ್ಕೊಳ್ಳಿ. ಹಲಗೆ ತಂದ ದಿನವೇ ಜೋಡಿಸಬೇಡಿ. ಲ್ಯಾಮಿನೇಟ್ ಆದರೆ ಅದೇ ಕೋಣೆಯಲ್ಲಿ ಕನಿಷ್ಠ ಎರಡು ದಿನ ಇಡಿ. ನಿಜವಾದ ಮರ ಆದರೆ ಇನ್ನೂ ಹೆಚ್ಚು ದಿನ ಇಟ್ಟು ಮೀಟರ್‌ನಲ್ಲಿ ನೋಡಿ, ಅಂಕಿ ಏರೋದು-ಇಳಿಯೋದು ನಿಂತ ಮೇಲೆ ಕೆಲಸ ಶುರು ಮಾಡಿ. ಕಾಂಕ್ರೀಟ್ ಮೇಲೆ 150 ಮೈಕ್ರಾನ್‌ಗಿಂತ ತೆಳುವಲ್ಲದ ಪಾಲಿಥೀನ್ ಹಾಳೆ ಹಾಸಿ, ಒಂದರ ಮೇಲೊಂದು 20 ಸೆಂ.ಮೀ. ಬರೋ ಹಾಗೆ, ಸಂದಿಗೆ ಟೇಪ್. ಗೋಡೆಗುಂಟ 10 ಮಿ.ಮೀ. ಸಂದಿ ಬಿಡಲೇಬೇಕು, ಪಟ್ಟಿ ಅದನ್ನ ಮುಚ್ಚುತ್ತೆ. ಕೋಣೆಗೆ ಗಾಳಿ ಆಡಲಿ. ಆಮೇಲೆ ಅವ್ವಂದಿರಿಗೆ ಒಂದು ಮಾತು: ಹಬ್ಬಕ್ಕೆ ಕೊಡ ಕೊಡ ನೀರು ಸುರುವಿ ಮನೆ ತೊಳೆಯೋದು ಈ ಕೋಣೆಗೆ ಆಗಲ್ಲ. ಹಿಂಡಿದ ಬಟ್ಟೆಯಲ್ಲಿ ಒರೆಸೋದಷ್ಟೇ.

ಇದೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಕೇಳಿ ನಕ್ಕ. "ಗೋವಿನಜೋಳ ಒಯ್ದರ ಮೀಟರ್ ಹಾಕ್ತಾರ. 14ಕ್ಕಿಂತ ಹೆಚ್ಚಿದ್ರ ರೇಟ್ ಕಡಿತಾರ. ನಾ ಕಾಳಿನ ಹಸಿ ಹಲ್ಲಾಗ ಕಡದು ಹೇಳ್ತೀನಿ. ಮನಿ ನೆಲದ ಹಸಿ ನೋಡಬೇಕಂತ ಹೊಳೀಲೇ ಇಲ್ಲ."

ಅದೇ ನೋಡಿ ವಿಷಯ. ತೇವಾಂಶ ಅನ್ನೋದು ನಮಗೆ ಹೊಸ ಪದ ಅಲ್ಲ. ಅದರ ಮೇಲೆ ನಮ್ಮ ವರ್ಷದ ದುಡಿಮೆಯ ಬೆಲೆ ನಿಂತಿದೆ. ಮಾರುವಾಗ ಬೇರೆಯವರು ಅಳೆಯೋದನ್ನ, ಕೊಳ್ಳುವಾಗ ನಾವು ಅಳೆಯಲ್ಲ. ಮರಕ್ಕೆ ಅಂತಲೇ ಎರಡು ಮುಳ್ಳಿನ ಮೀಟರ್ ಬರುತ್ತೆ. ಕಾಳಿನ ಮೀಟರ್ ಇದಕ್ಕೆ ನಡೆಯಲ್ಲ. ಒಂದೆರಡು ಸಾವಿರದಲ್ಲಿ ಸಿಗುತ್ತೆ, ಊರಿನ ಬಡಗಿಯ ಹತ್ತಿರ ಒಂದಿದ್ದರೆ ಊರಿಗೆಲ್ಲ ಸಾಕು. ಪ್ಲಾಸ್ಟಿಕ್ ಹಾಳೆ ಪರೀಕ್ಷೆಗಂತೂ ಇಪ್ಪತ್ತು ರೂಪಾಯಿಯೂ ಬೇಡ. ನಾವು ಕಳ್ಕೊಂಡಿದ್ದು 18 ಸಾವಿರ.

ಕೊನೆಗೆ ಏನಾಯ್ತು? ದೀಪಾವಳಿಗೆ ಪರೀಕ್ಷೆ ಮಾಡಿದ್ವಿ, ಹಾಳೆ ಒಳಗೆ ಹನಿ. ಶಿವರಾತ್ರಿಗೆ ಮಾಡಿದ್ವಿ, ಗದ್ದೆ ಕಡೆಯ ಮೂಲೆಯಲ್ಲಿ ಇನ್ನೂ ಹನಿ. ಆ ನೆಲಕ್ಕೆ ಮರ ಒಗ್ಗಲ್ಲ ಅಂತ ಒಪ್ಕೊಂಡ್ವಿ. ಅಲ್ಲಿ ಟೈಲ್ಸ್ ಹಾಕಿಸಿದ್ವಿ. ಚೆನ್ನಾಗಿ ಉಳಿದ ಹಲಗೆಗಳನ್ನ ಮಹಡಿ ಮೇಲಿನ ಚಿಕ್ಕ ಕೋಣೆಗೆ, ಈ ಸಲ ಸಂದಿ ಬಿಟ್ಟು, ಹಾಳೆ ಹಾಸಿ ಜೋಡಿಸಿದ್ವಿ. ಒಂದು ಮಳೆಗಾಲ ಕಳೆದಿದೆ, ಒಂದೂ ಎದ್ದಿಲ್ಲ.

ಮೇಲೆ ಕೂತು ಯೋಚನೆ ಮಾಡಿದಾಗ ಅಜ್ಜನ ಹಳೇ ಮನೆ ನೆನಪಾಯ್ತು. ಅಲ್ಲೂ ಮರದ ನೆಲ ಇತ್ತು, ಅಟ್ಟದ ಮೇಲೆ. ಕೆಳಗೂ ಗಾಳಿ, ಮೇಲೂ ಗಾಳಿ. ನೆಲಕ್ಕೆ ಮಣ್ಣು, ಇಲ್ಲ ಕಲ್ಲಿನ ಫರಸಿ. ಅಜ್ಜನ ಕೈಲಿ ಮೀಟರ್ ಇರಲಿಲ್ಲ. ಮರವನ್ನ ಎಲ್ಲಿ ಇಡಬೇಕು ಅನ್ನೋದು ಮಾತ್ರ ಗೊತ್ತಿತ್ತು.

ನಿಮ್ಮ ಮನೆಯಲ್ಲಿ ಈ ವರ್ಷ ಹೊಸ ನೆಲ ಹಾಕಿಸೋ ಮಾತಿದ್ದರೆ, ಈ ಸಂಚಿಕೆಯನ್ನ ಅಪ್ಪ-ಅವ್ವನಿಗೂ ಕೇಳಿಸಿ. ಹಾಳೆ ಎತ್ತಿದಾಗ ಏನು ಕಾಣಿಸ್ತು ಅಂತ ನನಗೊಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.