ಅತಿಥಿ ಶಿಕ್ಷಕರು ಮತ್ತು ಮಕ್ಕಳ ಕಲಿಕೆಯ ಉತ್ಸಾಹ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಪ್ರವಾದಿ ಮುಹಮ್ಮದ್ (ಸ) ಅವರಿಗೆ ಬಂದ ಮೊದಲ ದೇವವಾಣಿಯೇ ಓದಬೇಕೆಂಬ ಆಜ್ಞೆ. ಓದಿಸುವವರು ಖಾಯಂ ಇರಲಿ, ನಾಲ್ಕು ತಿಂಗಳಿಗೆ ಬಂದವರಿರಲಿ, ಆ ಕೆಲಸದ ಗೌರವ ಒಂದೇ.

ವಿಜಯಪುರ ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರ ತಾಲ್ಲೂಕಿನ ಹಳ್ಳಿಗಳಲ್ಲಾಗಲಿ, ಹುದ್ದೆ ಖಾಲಿ ಇರುವ ಸರಕಾರಿ ಶಾಲೆಗೆ ಅತಿಥಿ ಶಿಕ್ಷಕರು ಬರುತ್ತಾರೆ. ವರ್ಷ ಮುಗಿದರೆ, ಇಲ್ಲವೆ ನಡುವೆಯೇ ಖಾಯಂ ಶಿಕ್ಷಕರು ಬಂದರೆ, ಅವರು ಹೊರಡಬೇಕು. ಇದು ಮಕ್ಕಳಿಗೂ ಗೊತ್ತು. 'ಈ ಸರ್ ಎಷ್ಟು ದಿನ ಇರ್ತಾರ?' ಎಂದು ಕೇಳುವ ಮಗು ಅರ್ಧ ಮನಸ್ಸಿನಿಂದಲೇ ಪುಸ್ತಕ ತೆರೆಯುತ್ತದೆ.

ಅತಿಥಿ ಶಿಕ್ಷಕರಾಗಿ ಹೋಗುವ ತರುಣ ತರುಣಿಯರೆ, ಆ ಪ್ರಶ್ನೆಗೆ ನಿಮ್ಮ ಪಾಠವೇ ಉತ್ತರವಾಗಲಿ. ಮೊದಲ ದಿನವೇ ಮಕ್ಕಳ ಹೆಸರು ಕಲಿಯಿರಿ. ಹಿಂದಿನವರು ಪಾಠ ಎಲ್ಲಿಗೆ ನಿಲ್ಲಿಸಿದ್ದಾರೆಂದು ಕೇಳಿ, ಅಲ್ಲಿಂದಲೇ ಮುಂದುವರಿಸಿರಿ; ಅವರನ್ನು ಹಳಿಯಬೇಡಿ.

ಮಕ್ಕಳ ಬದುಕಿನಿಂದಲೇ ಲೆಕ್ಕ ತೆಗೆಯಿರಿ. ತಿಕೋಟಾದ ಮಗು ದ್ರಾಕ್ಷಿ ತೋಟ ನೋಡಿದೆ: ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ ಆದರೆ 100 ಕಿಲೋಗೆ ಎಷ್ಟು? ಬಬಲೇಶ್ವರದಲ್ಲಿ ಏತ ನೀರಾವರಿ ತೋರಿಸಿ, ಕೃಷ್ಣೆಯ ನೀರು ತಾನಾಗಿ ಮೇಲೇರುವುದಿಲ್ಲವೇಕೆ ಎಂದು ಕೇಳಿರಿ. ನಗರದ ಮಕ್ಕಳಿಗೆ ಗೋಲಗುಂಬಜ್ ಇದೆ: ಒಳಗಿನ ಚೌಕದ ಬದಿ ಸುಮಾರು 41 ಮೀಟರ್, ಕ್ಷೇತ್ರಫಲ ಅವರೇ ಕಂಡುಹಿಡಿಯಲಿ.

ನಮ್ಮ ಅನೇಕ ಮಕ್ಕಳ ಮನೆಮಾತು ದಖನಿ. ಕನ್ನಡದಲ್ಲಿ ತಪ್ಪಾದೀತೆಂದು ಅವರು ಬಾಯಿ ತೆರೆಯುವುದಿಲ್ಲ. ಮೊದಲು ಮನೆಮಾತಿನಲ್ಲಿ ಹೇಳಲಿ, ಆಮೇಲೆ ಕನ್ನಡದಲ್ಲಿ ಹೇಳಿಸಿರಿ. ಇದೇ ನಗರದಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 'ಕಿತಾಬ್-ಎ-ನವರಸ್' ರಚಿಸಿದ್ದು ದಖನಿಯಲ್ಲೇ ಎಂದು ತಿಳಿಸಿರಿ. ಆ ಮಗು ತಲೆಯೆತ್ತಿ ಮಾತನಾಡುತ್ತದೆ.

ದಿನಕ್ಕೆ ಒಂದಾದರೂ ಸಣ್ಣ ವಿಷಯ ಪೂರ್ಣ ಕಲಿಸಿರಿ. ಸಂಜೆ ಮನೆಯಲ್ಲಿ 'ಅಮ್ಮೀ, ಇವತ್ತು ಇದನ್ನು ಕಲಿತೆ' ಎಂದು ಮಗು ಹೇಳುವಂತಾಗಲಿ. ಹೊರಡುವಾಗ, ಯಾವ ಮಗು ಎಲ್ಲಿ ಎಡವುತ್ತದೆ ಎಂದು ಬರೆದ ವಹಿಯನ್ನು ಮುಂದಿನವರಿಗೆ ಕೊಡಿರಿ.

ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳೆದುರು ಅವರನ್ನು 'ತಾತ್ಕಾಲಿಕ ಮಾಸ್ತರರು' ಎನ್ನಬೇಡಿರಿ. ನಾವು ಹಗುರ ಮಾಡಿದವರ ಮಾತನ್ನು ಮಕ್ಕಳು ಕೇಳುವುದಿಲ್ಲ. ವಿದ್ಯಾರ್ಥಿಗಳೆ, ನೀವೂ ನೆನಪಿಡಿ: ಶಿಕ್ಷಕರ ಅವಧಿ ಮುಗಿಯಬಹುದು, ಅವರಿಂದ ಕಲಿತದ್ದು ನಿಮ್ಮಲ್ಲೇ ಉಳಿಯುತ್ತದೆ.

ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ. ಆಮೀನ್.