ಗ್ರೀಕ್ ಹಾಳೆಯೂ ನಮ್ಮ ಕನ್ನಡವೂ



ಹುಬ್ಬಳ್ಳಿಯ ಮಗ್ಗುಲಿನ ತಾರಿಹಾಳವನ್ನು ಕಾರ್ಖಾನೆಗಳ ಸ್ಥಳವೆಂದು ತಮ್ಮಲ್ಲಿ ಹಲವರು ಬಲ್ಲಿರಿ. ಅಲ್ಲಿಯ ಒಂದು ಪಡಸಾಲೆಯಲ್ಲಿ ವಾರಕ್ಕೆರಡು ಸಂಜೆ ನಾವು ನಾಲ್ವರು ಕುಳಿತು ಗ್ರೀಕ್ ಅಕ್ಷರ ತಿದ್ದುತ್ತಿರುವೆವೆಂದರೆ ನಗು ಬರುವುದು ಸಹಜ. ತಲೆ ನರೆತ ಮೇಲೆ ಇದೇಕೆಂದು ಮನೆಯವರೂ ಕೇಳಿದ್ದುಂಟು. ಕಾರಣ ಒಂದು ಅವಮಾನ.

ಒಂದು ಸಭೆಯಲ್ಲಿ ನಾವು ಅಭಿಮಾನದಿಂದ ನುಡಿದಿದ್ದೆವು: ಈಜಿಪ್ತದ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಎರಡನೆಯ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂದು. ಒಬ್ಬ ವಿದ್ಯಾರ್ಥಿ ಎದ್ದು, "ಯಾವ ಮಾತುಗಳು? ತಾವು ಓದಿರುವಿರಾ?" ಎಂದನು. ನಾವು ಓದಿರಲಿಲ್ಲ. ಕೇಳಿದ್ದನ್ನು ಹೇಳಿದ್ದೆವು, ಅಷ್ಟೆ.

ಆ ಹಾಳೆಯನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ 413ನೆಯ ಸಂಖ್ಯೆಯಾಗಿ ಪ್ರಕಟಿಸಿದರು. ಕಾರಿಟಿಯಾನ್ ಎಂಬ ಗ್ರೀಕ್ ತರುಣಿ ಭಾರತದ ಕರಾವಳಿಯ ಅರಸನ ಸೆರೆಯಲ್ಲಿರುವಳು. ಆಕೆಯ ಸಹೋದರನೂ ಒಬ್ಬ ವಿದೂಷಕನೂ ಅರಸನಿಗೆ ಮದ್ಯವನ್ನು ಕುಡಿಸಿ ಆಕೆಯನ್ನು ಬಿಡಿಸಿಕೊಳ್ಳುವರು. ವಿದೂಷಕನ ಕೆಲವು ಹಾಸ್ಯಗಳು ಪ್ರಸಾರಕ್ಕೆ ಯೋಗ್ಯವಲ್ಲ. ಅರಸನೂ ಪರಿವಾರದವರೂ ಗ್ರೀಕಲ್ಲದ ಭಾಷೆಯನ್ನಾಡುವರು. ಅದು ಕನ್ನಡವೆಂದು ಹುಲ್ಟ್‌ಷ್ ಪಂಡಿತರು 1904ರಲ್ಲಿ ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಕುರಿತು ಬರೆದರು. 1926ರಲ್ಲಿ ಬಾರ್ನೆಟ್ ಪಂಡಿತರು ಒಪ್ಪಲಿಲ್ಲ. ಇವರಲ್ಲಿ ಯಾರ ಮಾತು ಸರಿ ಎಂದು ತೂಗುವ ಶಕ್ತಿ ನಮಗೆ ಇರಲಿಲ್ಲ, ಅದಕ್ಕಾಗಿಯೇ ಅಕ್ಷರಾಭ್ಯಾಸ.

ಆರಂಭವು ಅಂಜಿದಷ್ಟು ಕಠಿನವಾಗಲಿಲ್ಲ. ಇಪ್ಪತ್ತನಾಲ್ಕೇ ಅಕ್ಷರ. ಪ್ರಾಚೀನ ಗ್ರೀಕರ ಮಹಾಪ್ರಾಣಗಳಿಗೆ ನಮ್ಮ ಫ, ಥ, ಖಗಳು ಸಿದ್ಧವಾಗಿವೆ. ಇಂಗ್ಲಿಷರು ಇವುಗಳಿಗಾಗಿ ಬಾಯಿ ತಿದ್ದಿಕೊಳ್ಳಬೇಕು. ಶಾಲೆಯಲ್ಲಿ ಸಂಸ್ಕೃತದ ರೂಪಗಳನ್ನು ಶಪಿಸುತ್ತ ಬಾಯಿಪಾಠ ಮಾಡಿದ್ದು ಈಗ ಫಲಕ್ಕೆ ಬಂದಿತು. ದ್ವಿವಚನ ಅಲ್ಲಿಯೂ ಉಂಟು. 'ಅಸ್ತಿ'ಗೆ 'ಎಸ್ತಿ', 'ಅಭರಮ್' ಎಂಬುದಕ್ಕೆ 'ಎಫೆರೊನ್'. ಭೂತಕಾಲಕ್ಕೆ ಮುಂದೆ ಹಚ್ಚುವ ಆ ಅಕಾರವು ಗ್ರೀಕಿನಲ್ಲಿ ಎಕಾರವಾಗಿ ಎದುರು ಬಂದಾಗ ನಮ್ಮಲ್ಲೊಬ್ಬರು ಪುಸ್ತಕವನ್ನೇ ಮುಚ್ಚಿಟ್ಟು ಎದ್ದು ಓಡಾಡಿದರು. ಆದರೆ ಈ ಬಾಂಧವ್ಯ ಸಂಸ್ಕೃತದ್ದು. ದ್ರಾವಿಡವಾದ ಕನ್ನಡಕ್ಕೆ ಅದು ಸಲ್ಲದು. ಕಿವಿಗೆ ಹೋಲಿದ್ದನ್ನೆಲ್ಲ ನಂಟಸ್ತಿಕೆ ಎಂದುಕೊಂಡರೆ ಕೆಟ್ಟೆವು.

ಹಾಳೆಯ ಅಚ್ಚು ಪಾಠವನ್ನು ಮುಂದಿಟ್ಟುಕೊಂಡಾಗಲೇ ನಿಜವಾದ ತೊಡಕು ತಿಳಿಯಿತು. ಆ ಕಾಲದ ಗ್ರೀಕರು ಪದಗಳ ನಡುವೆ ಎಡೆ ಬಿಡದೆ ಬರೆಯುತ್ತಿದ್ದರು. ಗ್ರೀಕ್ ಭಾಗವನ್ನು ವ್ಯಾಕರಣವು ತುಂಡರಿಸಿಕೊಡುವುದು. ಪರಭಾಷೆಯ ಸಾಲನ್ನು ತುಂಡರಿಸುವವನು ಓದುಗನೇ. 'ಕೊಂಜೆ' ಎಂದು ಕತ್ತರಿಸಿದರೆ ನಮ್ಮ 'ಕೊಂಚ' ಕಾಣಿಸುವುದು. ಒಂದಕ್ಷರ ಸರಿಸಿದರೆ ಮಾಯವಾಗುವುದು. ಇದಲ್ಲದೆ ಗ್ರೀಕಿನಲ್ಲಿ ಟಕಾರ ತಕಾರಗಳಿಗೆ ಭೇದವಿಲ್ಲ, ಳಕಾರವಿಲ್ಲ, ಣಕಾರವಿಲ್ಲ. ಟಾಲೆಮಿಯು ತನ್ನ ಭೂಗೋಳದಲ್ಲಿ ನಮ್ಮ ಬನವಾಸಿಯನ್ನು 'ಬನಊಅಸೈ' ಎಂಬಂತೆ ಬರೆಯಬೇಕಾಯಿತು. ಊರಿನ ಹೆಸರಾದ್ದರಿಂದ ಗುರುತು ಸಿಕ್ಕಿತು. ಕುಡುಕ ಅರಸನ ತೊದಲಿಗೆ ಗುರುತು ಹೇಳುವವರಾರು?

ಇನ್ನೊಂದು ನಾಚಿಕೆ. ಇಂದಿನ 'ಹಾಲು' ಅಂದು 'ಪಾಲು', 'ಹಳ್ಳಿ' ಅಂದು 'ಪಳ್ಳಿ'. ಎರಡನೆಯ ಶತಮಾನದ ಹಾಳೆಯಲ್ಲಿ ಹುಬ್ಬಳ್ಳಿಯ ಪೇಟೆಯ ಕನ್ನಡವನ್ನು ಹುಡುಕುವುದು ಅವಿವೇಕ. ಹಲ್ಮಿಡಿಯ ಶಾಸನವೇ ಐದನೆಯ ಶತಮಾನದ್ದು. ಅದಕ್ಕೂ ಹಿಂದಿನ ನುಡಿಯ ರೂಪವನ್ನು ಊಹಿಸಿ ಹೋಲಿಸಬೇಕು. ಗ್ರೀಕನ್ನು ಕಲಿಯಹೊರಟ ನಾಲ್ವರಿಗೆ ಹಳಗನ್ನಡವೇ ಸರಿಯಾಗಿ ಬಾರದೆಂಬುದು ಹೀಗೆ ಹೊರಬಿದ್ದಿತು! ಈಗ ಒಂದು ಸಂಜೆ ಗ್ರೀಕಿಗೆ, ಒಂದು ಸಂಜೆ ಹಳಗನ್ನಡಕ್ಕೆ.

ಒಂದೆರಡು ಪದಗಳು ಕನ್ನಡವಾಗಿರಬಹುದೆಂದು ನಮಗೆ ತೋರುವುದು. ಸಾಲುಸಾಲುಗಳನ್ನೇ ಕನ್ನಡವಾಗಿ ಓದುವುದನ್ನು ಒಪ್ಪಲಾರೆವು. ಆ ವಿದ್ಯಾರ್ಥಿಯು ಮತ್ತೆ ಕೇಳಿದರೆ ಇಷ್ಟನ್ನು ಹೇಳಬಲ್ಲೆವು. ಮದ್ಯಪಾನದ ಸಾಲನ್ನು ಎಲ್ಲಿ ತುಂಡರಿಸಬೇಕೆಂಬುದರಲ್ಲಿ ಮಾತ್ರ ನಮ್ಮಲ್ಲಿ ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಬರುವ ವಾರ ಮತ್ತೆ ಅದೇ ಸಾಲು.